ಒಂದೇ ಹೊತ್ತಿಗೆ ಎರಡು ತಾಟು

ನಿಮ್ಮ ಅಜ್ಜ ಮುರಿದ ರೊಟ್ಟಿಯ ತುಂಡು ಅಷ್ಟು ಸೊಟ್ಟ ಏಕಿರುತ್ತಿತ್ತು ಎಂದು ಮೊಮ್ಮಕ್ಕಳೆಲ್ಲ ನಗುತ್ತಿದ್ದಿರಿ. ಅವರಿದ್ದಾಗ ಹೇಳಲು ನನಗೆ ನಾಚಿಕೆ. ಈಗ ಬರೆಯುತ್ತೇನೆ, ಓದಿಕೊಳ್ಳಿ.

ನೀವಿನ್ನೂ ಹುಟ್ಟಿರಲಿಲ್ಲ. ಪುಣೆಯ ಹಡಪಸರದ ಮನೆಯಲ್ಲಿ ಒಂದು ಬೆಳಿಗ್ಗೆ ಅಜ್ಜನ ಕೈಯಿಂದ ಚಹಾದ ಕಪ್ಪು ಜಾರಿತು. ಆಸ್ಪತ್ರೆಯಲ್ಲಿ ಲಕ್ವಾ ಎಂದರು. ಮಾತು ಉಳಿಯಿತು, ಬೇಕಾದ್ದಕ್ಕಿಂತ ಹೆಚ್ಚೇ ಉಳಿಯಿತು. ಬಲಗೈ ಮಾತ್ರ ಹೇಳಿದಂತೆ ಕೇಳುತ್ತಿರಲಿಲ್ಲ.

ವಾರ್ಡಿನ ಸಿಸ್ಟರ್ ಬೆಳಗಾವಿ ಕಡೆಯ ಹುಡುಗಿ. ಸ್ಟೂಲು ಎಳೆದುಕೊಂಡು ಕೂತು ಅಜ್ಜನನ್ನೇ ಕೇಳಿದಳು: "ಕಾಕಾ, ಮನೀಗೆ ಹೋಗೋದ್ರೊಳಗ ನಿಮಗ ಏನು ಮಾಡ್ಲಿಕ್ಕೆ ಬರಬೇಕು?"

"ಈ ಕೈಲೇ ರೊಟ್ಟಿ ಮುರದು ತಿನ್ನಬೇಕು. ಕೂಸಿನ್ಹಾಂಗ ಉಣಿಸಿಕೊಳ್ಳೋದು ನನಗ ಆಗೂದಿಲ್ಲ."

"ಛಲೋ. ಅದನ್ನೇ ಬರಕೋತೀನಿ."

ಮೊದಲು ಮೆತ್ತಗಿನ ಅನ್ನ, ಆಮೇಲೆ ಚಪಾತಿ, ಕೊನೆಗೆ ರೊಟ್ಟಿ ಎಂದು ಅವಳೇ ದಾರಿ ಹಾಕಿಕೊಟ್ಟಳು. "ಚೆಲ್ಲಿದರ ಚೆಲ್ಲಲಿ ಕಾಕೂ, ಅವರೇ ಉಣ್ಣಲಿ" ಎಂದಳು ನನಗೆ. ನಾನು ತಲೆಯಾಡಿಸಿದೆ. ಆಗ ಮರಾಠಿ ಬಾರದ ನಾನು ಪುಣೆಯಲ್ಲಿ ಯಾರು ಏನು ಹೇಳಿದರೂ ತಲೆಯಾಡಿಸುತ್ತಿದ್ದೆ.

ಆದರೆ ತಾಟು ಬಂದಾಗ ಅವರ ಕೈ ನಡುಗಿ ಅನ್ನವೆಲ್ಲ ಅಂಗಿಯ ಮೇಲೆ. ಪಕ್ಕದ ಹಾಸಿಗೆಯವರು ನೋಡುತ್ತಿದ್ದರು. ನನ್ನ ಕೈ ತಾನಾಗಿಯೇ ಹೋಯಿತು. ನಿಮ್ಮ ಅಜ್ಜನೂ "ನಾ ಕೂಸಲ್ಲ" ಎಂದು ಗದರುತ್ತಲೇ ಬಾಯಿ ತೆರೆದರು. ಸಿಸ್ಟರ್ ಇಲ್ಲದ ಹೊತ್ತಿನಲ್ಲಿ ದಿನಾ ಹೀಗೇ ನಡೆಯಿತು. ಅವಳು ಅವರ ಬೆರಳು ಒತ್ತಿ ನೋಡಿ, "ತಾಕತ್ತೇನೋ ಬಂದದ, ಊಟಕ್ಕ ಕೈ ಯಾಕ ಬರವಲ್ದು?" ಎನ್ನುವಳು. ಒಂದು ಮಧ್ಯಾಹ್ನ ಬೇಗ ಬಂದುಬಿಟ್ಟಳು. ನನ್ನ ಬೆರಳು ಅವರ ಬಾಯಲ್ಲೇ ಇತ್ತು.

"ಕಾಕೂ! ಹಿಂಗಾದ್ರ ಕಾಕಾ ಮನೀಗೆ ಹೋಗ್ತಾರ, ಅವರ ಕೈ ಇಲ್ಲೇ ಉಳೀತದ!"

ನಾನು ಬೆರಳು ಸೆರಗಿಗೆ ಒರೆಸಿಕೊಂಡೆ. ಅವಳು ಸ್ವಲ್ಪ ಯೋಚಿಸಿ, "ನಿಮ್ಮ ಊಟ ಯಾವಾಗ?" ಎಂದಳು.

"ಅವರದಾದ ಮ್ಯಾಲ್ರಿ."

"ಯಾವಾಗಲೂ?"

"ಮದುವಿ ಆದಾಗಿಂದ."

"ಎಂಜಲ ಕೈಲೆ ಗಂಡಗ ಉಣಿಸ್ತೀರೇನು?"

"ಅಯ್ಯ, ಛೀ!"

"ಅಷ್ಟ ಸಾಕು. ನಾಳಿಂದ ಇಬ್ಬರದೂ ಒಂದೇ ಹೊತ್ತಿಗೆ ಊಟ. ಮೊದಲನೇ ತುತ್ತು ನಿಮ್ಮದು."

ಮರುದಿನ ಸೆರಗು ಎಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತೆ. ಮೊದಲ ತುತ್ತು ಬಾಯಿಗಿಟ್ಟೆ.

"ಗ್ವಾಡಿಗೆ ಯಾಕ ಉಣಿಸ್ತಿ? ಈ ಕಡೆ ತಿರುಗು" ಎಂದರು ಅಜ್ಜ.

ತಿರುಗಿದೆ. ಅವರ ಅನ್ನ ಜಾರಿತು. ನನ್ನ ಕೈ ಎದ್ದಿತು, ಬೆರಳಿಗಂಟಿದ ಎಂಜಲು ಅಗುಳು ಕಂಡು ಹಿಂದೆ ಬಂದಿತು. ಅವರು ಬೈದರು, ಬೆವರಿದರು, ಮತ್ತೆ ಎತ್ತಿದರು. ಮೆಲ್ಲಗೆ ಅನ್ನ ಬಾಯಿ ಮುಟ್ಟಿತು. ದಿನ ಕಳೆದಂತೆ ಚಪಾತಿಯೂ.

ಕೊನೆಗೆ ಮನೆಯಿಂದ ರೊಟ್ಟಿ ತಂದೆ. ಶೇಂಗಾ ಚಟ್ನಿ ನನ್ನ ತಾಟಿನಲ್ಲಿ ಮಾತ್ರ, ಏಕೆಂದರೆ ಅವರಿಗೆ ಉಪ್ಪು ಕಡಿಮೆ ಮಾಡಿದ್ದರು. ನಾನು ತಲೆ ತಗ್ಗಿಸಿ ಉಣ್ಣುತ್ತಿದ್ದೆ. ಒಂದು ಸೊಟ್ಟ ರೊಟ್ಟಿಯ ತುಂಡು ನಡುಗುತ್ತ ಬಂದು ನನ್ನ ಚಟ್ನಿಗೆ ಒತ್ತಿಕೊಂಡಿತು. ಹಿಡಿದದ್ದು ಬಲಗೈ.

"ರೀ, ಎಂಜಲ!" ಎಂದು ಇಡೀ ವಾರ್ಡಿಗೆ ಕೇಳುವಂತೆ ಕೂಗಿಬಿಟ್ಟೆ.

ಅವರು ಅಗಿಯುತ್ತಲೇ ಇದ್ದರು. "ಭಾಳ ರುಚಿ ಅದ."

ಕೂಗಿಗೆ ಸಿಸ್ಟರ್ ಓಡಿ ಬಂದಳು. "ಉಪ್ಪು ಬ್ಯಾಡ ಅಂದಿದ್ದೆ, ಕಾಕಾ!" ಎಂದವಳು, ಅವರ ಕೈಯನ್ನೇ ನೋಡುತ್ತ ನಿಂತಳು. "ಇನ್ನೊಮ್ಮೆ ಮುರೀರಿ, ನೋಡೋಣು."

"ಚಟ್ನಿ ಕೊಟ್ಟರ ಮುರೀತೀನಿ" ಎಂದರು ನಿಮ್ಮ ಅಜ್ಜ.