ಮೂರನೆಯ ಮಷೀನಿನ ದರ

ಧಾರವಾಡದ ಮಾಳಮಡ್ಡಿಯ ರಾಜೇಶ್ವರಿಗೆ ಕಾಳಜಿ ಮಾಡುವುದು ಹುಟ್ಟಿನಿಂದಲೇ ಬಂದದ್ದು. ಕುಕ್ಕರು ಸೀಟಿ ಹೊಡೆಯಲು ತಡಮಾಡಿದರೆ ಸಿಡಿದೇ ಬಿಡುತ್ತದೆ ಎಂದು ಹಿತ್ತಲಿಗೆ ಓಡುವಳು, ಬೇಗ ಹೊಡೆದರೆ ಬೇಳೆ ಸೀದೀತೆಂದು ಒಳಗೆ ಓಡುವಳು. ಹೊರಗೆ ಹೋದವರು ಫೋನು ಎತ್ತದಿದ್ದರೆ ಅವಳ ಮನಸ್ಸು ಆಗಲೇ ಆಸ್ಪತ್ರೆಯ ಬಾಗಿಲಲ್ಲಿ ನಿಂತಿರುತ್ತಿತ್ತು. "ರಾಜಕ್ಕಗ ಕಾಳಜಿ ಮಾಡಾಕ ಏನೂ ಇಲ್ಲ ಅಂದ್ರ, ಯಾಕ ಇಲ್ಲ ಅಂತ ಕಾಳಜಿ ಮಾಡ್ತಾಳ" ಎಂದು ಓಣಿಯವರು ನಗುತ್ತಿದ್ದರು. ಅವಳೂ ಅವರೊಂದಿಗೆ ನಗುತ್ತಿದ್ದಳು. ನಕ್ಕು ಮುಗಿಸಿ ಮತ್ತೆ ಗೇಟಿನ ಕಡೆ ನೋಡುತ್ತಿದ್ದಳು.

ಗೇಟಿನ ಕಡೆ ನೋಡುವುದು ಗಂಡ ಕುಬೇರಪ್ಪನಿಗಾಗಿ. ಅವನದು ಅಮರಗೋಳದ ಮಾರ್ಕೆಟ್ಟಿನಲ್ಲಿ ಹತ್ತಿಯ ದಲಾಲಿ ಅಂಗಡಿ. ಎತ್ತರದ ಆಳು, ಅದಕ್ಕೆ ತಕ್ಕ ಹೊಟ್ಟೆ, ಹೆಗಲ ಮೇಲೆ ಯಾವಾಗಲೂ ಒಂದು ಬಿಳಿ ಟವೆಲ್ಲು. ಅವನ ಅಣ್ಣ ಬಸವಪ್ರಭು ಹೋದ ವರ್ಷ ಅದೇ ಮಾರ್ಕೆಟ್ಟಿನಲ್ಲಿ, ಹತ್ತಿ ತುಂಬಿದ ಅಂಡಿಗೆ ಚೀಲಗಳ ನಡುವೆ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ. ಅಂದಿನಿಂದ ರಾಜೇಶ್ವರಿಯ ನೂರೆಂಟು ಕಾಳಜಿಗಳು ಒಟ್ಟುಗೂಡಿ ಗಂಡನ ಎದೆಯ ಮೇಲೆ ಬಂದು ಕೂತವು. ಡಾಕ್ಟರರಿಗೆ ತೋರಿಸಿದ್ದಾಯಿತು. ಸಕ್ಕರೆ ಇದೆ, ಬಿ.ಪಿ. ಇದೆ, ತೂಕ ಇಳಿಸಬೇಕು, ದಿನಾ ನಡೆಯಬೇಕು ಎಂದು ಅವರು ಹೇಳಿ ಕಳಿಸಿದರು.

ಕುಬೇರಪ್ಪ ಹೊಸ ಬೂಟು ಕಟ್ಟಿಕೊಂಡು ಬೆಳಿಗ್ಗೆ ಕಾಲೇಜು ಮೈದಾನಕ್ಕೆ ಹೋಗತೊಡಗಿದ. ತಿಂಗಳುಗಟ್ಟಲೆ ಹೋದ. ಹೊಟ್ಟೆ ಮಾತ್ರ ಇದ್ದಲ್ಲೇ ಇತ್ತು, ಅಂಗಿಯ ಇಸ್ತ್ರಿಯೂ ಮುರಿಯುತ್ತಿರಲಿಲ್ಲ. ಅಂಗಡಿಯಿಂದ ಬಂದಾಗ ಮನೆಯ ಮೆಟ್ಟಿಲಲ್ಲಿ ಚಪ್ಪಲಿ ಸರಿಮಾಡಿಕೊಳ್ಳುತ್ತ ತುಸು ನಿಲ್ಲುವುದೂ ಹೊಸದಾಗಿ ಶುರುವಾಗಿತ್ತು. ಕಡೆಗೆ ಅವನ ಜೊತೆಗಾರ ಕುಮಾರಸ್ವಾಮಿ ಮಾತಿನ ಭರದಲ್ಲಿ ಗುಟ್ಟು ಒಡೆದ.

"ವೈನಿ, ಸಾವಕಾರ್ರು ಗೇಟಿನ ಬಾಜೂಕ ಕಟ್ಟಿ ಮ್ಯಾಲ ಕುಂತಬಿಡ್ತಾರ್ರಿ. ನಾವು ಸುತ್ತು ಹಾಕಿ ಬರೂತನಾ ಚಾ ಕುಡಕೋತ ಊರ ಮಂದಿ ಸುದ್ದಿ ಎಲ್ಲಾ ತಗೊಂಡಿರ್ತಾರ."

ಅವತ್ತು ರಾಜೇಶ್ವರಿ ದೊಡ್ಡ ರಂಪ ಮಾಡಿದಳು. "ನಿಮ್ಮ ಅಣ್ಣಾರು ಹೋದ ದಾರಿ ಹಿಡಿಯೂ ಮನಸ್ಸೈತೇನ್ರಿ ನಿಮಗ? ನಡ್ಯಾಕ ಹೋಗಿ ಕುಂತ ಬರೂದಂದ್ರ ಏನು?"

"ಮೊಣಕಾಲ ಹಿಡೀತಾವ ಮಾರಾಯ್ತಿ," ಎಂದು ಕುಬೇರಪ್ಪ ನಕ್ಕ. "ನಾಳಿಂದ ನಡೀತೇನಿ, ಬಿಡು."

"ನಾಳಿಂದ ನೀವು ನನ್ನ ಕಣ್ಣಮುಂದ ನಡೀಬೇಕು. ಮನ್ಯಾಗನ."

ಹೀಗೆ ಟ್ರೆಡ್‌ಮಿಲ್ಲಿನ ಹುಡುಕಾಟ ಶುರುವಾಯಿತು. ಮಡಚುವಂಥದ್ದೇ ಬೇಕು, ಯಾಕೆಂದರೆ ಹಳೆಯ ಮನೆಯ ಪಡಸಾಲೆಯಲ್ಲಿ ಬಂದವರು ಕೂಡ್ರುವುದಕ್ಕೂ ಜಾಗ ಉಳಿಯಬೇಕು. ಸೋವಿಯೂ ಆಗಿರಬೇಕು, ಇಲ್ಲವಾದರೆ ನಡೆಯುವುದಕ್ಕೂ ರೊಕ್ಕ ಕೊಡಬೇಕೇ ಎಂದು ಕುಬೇರಪ್ಪ ಬಾಗಿಲಲ್ಲೇ ತಡೆಯುತ್ತಾನೆ. ರಾಜೇಶ್ವರಿ ರೊಟ್ಟಿ ಬಡಿಯುತ್ತಲೇ ಫೋನನ್ನು ಹಿಟ್ಟಿನ ಡಬ್ಬಿಗೆ ಆನಿಸಿ ವಿಡಿಯೋ ನೋಡಿದಳು. ಒಂದು ಬರೀ ಹಲಗೆಯಂಥದ್ದು, ಮಂಚದ ಕೆಳಗೆ ಸರಿಯುತ್ತದೆ, ಆದರೆ ಹಿಡಿದುಕೊಳ್ಳಲು ಏನೂ ಇಲ್ಲ. ಬಿದ್ದರೆ? ಇನ್ನೊಂದಕ್ಕೆ ಹಿಡಿಕೆ ಇದೆ, ಆದರೆ ಪಟ್ಟಿ ಗಿಡ್ಡ. ಉದ್ದ ಕಾಲಿನವನ ಹೆಜ್ಜೆ ಪಟ್ಟಿಯ ಹಿಂದಕ್ಕೆ ಹೋಗಿ, ಮತ್ತೆ ಬಿದ್ದರೆ? ಮಗದೊಂದು ಎರಡೂ ಸರಿ, ಆದರೆ ಅದು ತಡೆಯುವ ತೂಕ ಕುಬೇರಪ್ಪನ ತೂಕಕ್ಕೆ ತೀರ ಹತ್ತಿರ. ಹಬ್ಬದ ದಿನ ಹೋಳಿಗೆ ಉಂಡು ಹತ್ತಿದರೆ ಮಷೀನು ಮುರಿಯುತ್ತದೋ ಮನುಷ್ಯನೋ? ನೋಡಿದಷ್ಟೂ ಹೆದರಿಕೆ ಹೆಚ್ಚಾಯಿತು.

ಎದುರು ಮನೆಯ ಭಾಗ್ಯಶ್ರೀ ಸಾಲೆಯ ಟೀಚರು. ಅವಳ ಮನೆಯಲ್ಲಿ ಒಂದು ಟ್ರೆಡ್‌ಮಿಲ್ಲು ಇತ್ತು, ಅದರ ಮೇಲೆ ಸೀರೆಗಳು ಒಣಗುತ್ತಿದ್ದವು.

"ಅಕ್ಕಾ, ಇಂಥಾ ಹ್ಯಾಂಗರ್ ಇಡೀ ಧಾರವಾಡದಾಗ ಸಿಗೂದಿಲ್ಲ," ಎಂದು ಅವಳೇ ನಕ್ಕಳು. ಆಮೇಲೆ ತಿಳಿಸಿ ಹೇಳಿದಳು: "ಮೋಟರಿನ ಮ್ಯಾಲ ದೊಡ್ಡ ಅಂಕಿ ಬರದಿರ್ತಾರ, ಅದನ್ನ ನೋಡಬ್ಯಾಡ್ರಿ. ಬಿಡದ ನಡಿಯೂ ಮುಂದ ಎಷ್ಟು ತಾಕತ್ತ ಅಂತ ಕೇಳ್ರಿ. ನಿಮ್ಮ ಮನಿಯವರು ಎತ್ತರ ಅದಾರ, ಪಟ್ಟಿ ಉದ್ದ ಇರ್ಲಿ. ಮಡಚಿದ್ದನ್ನ ನೀವ ಒಬ್ಬಾಕಿನ ನಿಂದ್ರಿಸಿ ನೋಡ್ರಿ, ಅಂಗಡ್ಯಾವರು ನಿಂದ್ರಿಸಿ ತೋರಸೂದು ಬ್ಯಾರೆ."

"ನಡುವ ಕರೆಂಟ್ ಹೋದ್ರ?"

"ಸಾವಕಾಶ ನಿಲ್ಲತೈತಿ. ಮತ್ತ ಇಲ್ಲಿ ನೋಡ್ರಿ, ಈ ಕೆಂಪು ದಾರಾ ಅಂಗಿಗೆ ಸಿಗಿಸಿಕೊಂಡ್ರ, ಮನಿಷಾ ಬಿದ್ದ ಕೂಡ್ಲೆ ಮಷೀನ್ ನಿಂತಬಿಡ್ತೈತಿ."

ರಾಜೇಶ್ವರಿ ಆ ಕೆಂಪು ದಾರವನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. "ಮಷೀನ್ ನಿಲ್ಲತೈತಿ, ಖರೇ. ಬೀಳೂದು ನಿಲ್ಲತೈತೇನವಾ?" ಎಂದಳು.

ಅಂಗಡಿಗೆ ಹೋಗಿ ನೋಡಿಯೇ ಬಿಡೋಣವೆಂದರೆ ಕುಬೇರಪ್ಪ ಸಿಗಲೊಲ್ಲ. ಒಂದು ವಾರ ಹತ್ತಿ ಭರ್ತಿ ಬಂದಿದೆ ಎಂದ, ಇನ್ನೊಂದು ವಾರ ಅಮಾವಾಸ್ಯೆ ಎಂದ, ಆಮೇಲೆ ಹೆಬ್ಬಳ್ಳಿಯ ಯಾರದೋ ಮದುವೆ. ಮೈಗಳ್ಳ ಎಂದು ರಾಜೇಶ್ವರಿ ಮನಸ್ಸಿನಲ್ಲೇ ಬೈದಳು. ಕಡೆಗೊಂದು ರವಿವಾರ ಅವನ ಬೂಟುಗಳನ್ನು ತಾನೇ ತಂದು ಮುಂದೆ ಇಟ್ಟು, ಹುಬ್ಬಳ್ಳಿಯ ವಿದ್ಯಾನಗರಕ್ಕೆ ಹೊರಡಿಸಿದಳು.

ಇಲ್ಲಿ ಕುಬೇರಪ್ಪನ ವ್ಯಾಪಾರದ ಬಗ್ಗೆ ಎರಡು ಮಾತು ಹೇಳಲೇಬೇಕು. ಈಗ ಮಾರ್ಕೆಟ್ಟಿನಲ್ಲಿ ಎಲ್ಲವೂ ಕಂಪ್ಯೂಟರಿನ ಟೆಂಡರು. ಅವನು ಅಂಗಡಿಗೆ ಬಂದ ಕಾಲದಲ್ಲಿ ಹಾಗಿರಲಿಲ್ಲ. ಕೊಡುವವನೂ ಕೊಳ್ಳುವವನೂ ಟವೆಲ್ಲಿನ ಕೆಳಗೆ ಕೈ ಸೇರಿಸಿ, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ದರ ಹೇಳುತ್ತಿದ್ದರು. ಸುತ್ತ ನಿಂತವರಿಗೆ ಏನೂ ತಿಳಿಯದು, ಮುಖದಲ್ಲೂ ಏನೂ ಕಾಣದು. ಆದರೆ ಟವೆಲ್ಲಿನ ಕೆಳಗೆ ಹೇಳಿದ್ದು ಸುಳ್ಳಾಗುವಂತಿಲ್ಲ. ಹಾಗೆ ಸುಳ್ಳು ಹೇಳಿದವನ ಕೂಡ ಮತ್ತೆ ಯಾರೂ ಕೈ ಸೇರಿಸುತ್ತಿರಲಿಲ್ಲ. ಮದುವೆಯಾದ ಹೊಸತರಲ್ಲಿ ಅವನು ಹೆಂಡತಿಗೂ ಅದನ್ನು ಕಲಿಸಿದ್ದ. ಪಂಕ್ತಿಯಲ್ಲಿ ಬೀಗರು ಕೂತಿದ್ದಾಗ, ಒಳಗೆ ಇನ್ನೆಷ್ಟು ಹೋಳಿಗೆ ಉಳಿದಿವೆ ಎಂದು ಅವರಿಬ್ಬರೂ ಸೆರಗಿನ ಮರೆಯಲ್ಲಿ ಮಾತಾಡಿಕೊಂಡವರು.

ಇನ್ನೊಂದು, ಅವನು ಏನನ್ನೇ ಕೊಳ್ಳಲಿ, ಸೀರೆಯಾಗಲಿ ಫ್ರಿಜ್ಜಾಗಲಿ, ಮೊದಲು ಅದರಲ್ಲಿ ಒಂದು ಕುಂದು ತೆಗೆಯುತ್ತಿದ್ದ. ಅರ್ಧ ಬಾಗಿಲ ಕಡೆ ತಿರುಗುತ್ತಿದ್ದ. ಆಮೇಲೆ ಏನೋ ನೆನಪಾದವನ ಹಾಗೆ, "ಆತು, ದರಾ ಏನು?" ಎನ್ನುತ್ತಿದ್ದ. ಮೂವತ್ತು ವರ್ಷದಲ್ಲಿ ಇದು ತಪ್ಪಿದ್ದೇ ಇಲ್ಲ. ಅಂಗಡಿಯವರ ಮುಂದೆ ರಾಜೇಶ್ವರಿಗೆ ನಾಚಿಕೆಯಾಗುತ್ತಿತ್ತು, ಒಳಗೊಳಗೇ ನಗುವೂ ಬರುತ್ತಿತ್ತು.

ಅಂಗಡಿಯ ಮಾಲಕ ಜುಲ್ಫಿಕಾರ, ನಡುವಯಸ್ಸಿನ ಸಮಾಧಾನದ ಮನುಷ್ಯ. ಮಡಚುವ ಮಷೀನುಗಳಲ್ಲಿ ಸೋವಿಯವು ಮೂರನ್ನು ಸಾಲಾಗಿ ಬಿಚ್ಚಿಟ್ಟ. ಮೊದಲನೆಯದು ಹಲಗೆಯಂಥದ್ದು. ಕುಬೇರಪ್ಪ ಹತ್ತಿ ನಿಂತು, ಮಷೀನು ಚಾಲೂ ಆದ ಮೇಲೆ ತುಸು ನಡೆದು, ಕೈ ಎತ್ತಿ ನಿಲ್ಲಿಸಿದ.

"ಹಿಡಕೊಳ್ಳಾಕ ಏನೂ ಇಲ್ಲ. ಇದು ಹುಡುಗರ ಆಟದ ಸಾಮಾನು."

ರಾಜೇಶ್ವರಿಗೆ ಖುಷಿಯಾಯಿತು, ಅವಳದೂ ಅದೇ ಮಾತಾಗಿತ್ತು. ಎರಡನೆಯದನ್ನು ಹತ್ತುವ ಮೊದಲು ಅವನು ಅದರ ಮೇಲಿನ ಚೀಟಿಯನ್ನು ಬಹಳ ಹೊತ್ತು ಓದಿದ. ಹತ್ತಿ ಮೊದಲಿಗಿಂತ ಕಡಿಮೆ ನಡೆದ.

"ಸಪ್ಪಳ ಭಾಳ. ಓಣ್ಯಾಗಿನ ಮಂದಿ ಗಿರಣಿ ಹಾಕ್ಯಾರಂತ ಹಿಟ್ಟು ಬೀಸಾಕ ಬರ್ತಾರ."

ಜುಲ್ಫಿಕಾರ ನಕ್ಕ. "ಹಂಗಾರ ಇದನ್ನ ನೋಡ್ರಿ ಸಾವಕಾರ್ರ. ಪಟ್ಟಿ ಉದ್ದ, ಹಿಡಿಕಿ ಗಟ್ಟಿ, ಸಪ್ಪಳ ಇಲ್ಲ. ಅಕ್ಕಾರ, ನೀವ ಒಂದ ಸಲ ಮಡಚಿ ನಿಂದ್ರಿಸ್ರಿ."

ರಾಜೇಶ್ವರಿ ಮೂರನೆಯದನ್ನು ಒಬ್ಬಳೇ ಮಡಚಿ ನಿಲ್ಲಿಸಿ ಮತ್ತೆ ಬಿಚ್ಚಿದಳು. ಭಾಗ್ಯಶ್ರೀ ಹೇಳಿದ್ದೆಲ್ಲ ಇದರಲ್ಲಿತ್ತು. ಇಷ್ಟು ದಿನದಲ್ಲಿ ಮೊದಲ ಸಲ ಅವಳ ಮನಸ್ಸು ಹಗುರಾಯಿತು. ಗಂಡನ ಅಂಗಿಗೆ ಕೆಂಪು ದಾರವನ್ನು ತಾನೇ ಸಿಗಿಸಿದಳು. ಕುಬೇರಪ್ಪ ನಾಲ್ಕು ಹೆಜ್ಜೆ ನಡೆದು ನಿಲ್ಲಿಸಿದ. ಎರಡೂ ಕೈ ಹಿಡಿಕೆಯ ಮೇಲೆ ಊರಿ, ತಲೆ ತಗ್ಗಿಸಿ, ಪಟ್ಟಿಯನ್ನೇ ಪರೀಕ್ಷೆ ಮಾಡುವವನಂತೆ ನಿಂತ.

"ರಬ್ಬರ್ ವಾಸನಿ ಹೊಡೀತೈತಿ," ಎಂದ.

"ಹೊಸಾದಲ್ರಿ, ಆಮ್ಯಾಲ ಹೋಗ್ತೈತ್ರಿ."

ಇನ್ನು ಬಾಗಿಲ ಕಡೆ ತಿರುಗುತ್ತಾನೆ, ಇನ್ನು ದರ ಕೇಳುತ್ತಾನೆ ಎಂದು ರಾಜೇಶ್ವರಿ ಕಾದಳು. ಅವನು ತಿರುಗಲಿಲ್ಲ. ದರ ಕೇಳಲಿಲ್ಲ. ಮೊದಲನೆಯದಕ್ಕೂ ಕೇಳಿರಲಿಲ್ಲ, ಎರಡನೆಯದಕ್ಕೂ ಇಲ್ಲ. ಅಂಗಡಿಗೆ ಬಂದಾಗಿನಿಂದ ಈ ಮನುಷ್ಯ ಒಂದು ಸಲವೂ ದರ ಕೇಳಿಲ್ಲ.

ಅವನ ಮುಖ ನೋಡಿದಳು. ಎ.ಸಿ. ಹಾಕಿದ ಅಂಗಡಿಯಲ್ಲಿ ಅವನ ಮೀಸೆಯ ಮೇಲೆ ಬೆವರು ಸಾಲುಗಟ್ಟಿತ್ತು, ಕೊರಳಪಟ್ಟಿ ತೊಯ್ದಿತ್ತು. ಆಗ ಎಲ್ಲವೂ ಒಮ್ಮೆಲೇ ತಿಳಿಯಿತು. ಮೈದಾನದ ಕಟ್ಟೆ, ಇಸ್ತ್ರಿ ಮುರಿಯದ ಅಂಗಿ, ಮನೆಯ ಮೆಟ್ಟಿಲಲ್ಲಿ ಚಪ್ಪಲಿ ಸರಿಮಾಡಿಕೊಳ್ಳುವ ನೆಪದಲ್ಲಿ ನಿಲ್ಲುವುದು, ಅಮಾವಾಸ್ಯೆ, ಹೆಬ್ಬಳ್ಳಿಯ ಮದುವೆ. ಅವನು ನಡೆಯಲು ಒಲ್ಲೆನೆಂದವನಲ್ಲ. ಅವನಿಗೆ ನಡೆಯಲು ಆಗುತ್ತಿರಲಿಲ್ಲ.

ಚೀರಲು ಬಾಯಿ ತೆರೆದಳು. ಅದೇ ಹೊತ್ತಿಗೆ ಕುಬೇರಪ್ಪ ತಲೆ ಎತ್ತಿ ನೋಡಿದ. ಆ ನೋಟದಲ್ಲಿ ಹೆದರಿಕೆ ಇತ್ತು. ತನ್ನ ಎದೆಯ ಹೆದರಿಕೆ ಅಲ್ಲ, ಇವಳಿಗೆ ತಿಳಿದುಹೋಯಿತಲ್ಲ ಎಂಬ ಹೆದರಿಕೆ. ತಲೆನೋವು ಎಂದರೆ ರಾತ್ರಿಯಿಡೀ ಎದ್ದು ಕೂತು ಗಂಡನ ಉಸಿರು ಎಣಿಸುವ ಹೆಂಡತಿಗೆ ಎದೆನೋವು ಎಂದು ಹೇಳುವುದು ಹೇಗೆ? ಆದ್ದರಿಂದ ಅವನು ಹೇಳಿರಲಿಲ್ಲ. ರಾಜೇಶ್ವರಿಗೆ ಸಿಟ್ಟು ನೆತ್ತಿಗೇರಿತು, ಅವನ ಮೇಲೆ ಅರ್ಧ, ತನ್ನ ಮೇಲೆ ಅರ್ಧ. ಅಷ್ಟು ವರ್ಷ ಕಾಳಜಿ ಮಾಡಿ ಮಾಡಿ ಅವಳು ಅವನ ಬಾಯಿಯನ್ನೇ ಕಟ್ಟಿಬಿಟ್ಟಿದ್ದಳು.

ಅವಳು ತೆರೆದ ಬಾಯಿ ಮುಚ್ಚಿದಳು. ಅವನ ಹೆಗಲ ಟವೆಲ್ಲು ತೆಗೆದು ಹಿಡಿಕೆಯ ಮೇಲಿದ್ದ ಅವನ ಕೈಗೆ ಹೊದಿಸಿ, ಅದರ ಕೆಳಗೆ ತನ್ನ ಕೈ ಸೇರಿಸಿದಳು.

"ಹೇಳ್ರಿ," ಎಂದಳು ಮೆಲ್ಲಗೆ. "ಎಷ್ಟ ತಿಂಗಳಾತು?"

ಅವನ ಬೆರಳುಗಳು ಅವಳ ಮೂರು ಬೆರಳುಗಳನ್ನು ಹಿಡಿದವು.

"ಈಗ ನೋಯಾಕತ್ತೈತೇನು?"

ಅವನು ಅವಳ ಇಡೀ ಕೈಯನ್ನು ಹಿಡಿದ. ಹಿಡಿದದ್ದು ಬಿಡಲಿಲ್ಲ.

"ಅಣ್ಣಾರ," ಎಂದು ರಾಜೇಶ್ವರಿ ಜುಲ್ಫಿಕಾರನತ್ತ ತಿರುಗಿದಳು. ಆ ಧ್ವನಿ ಎಷ್ಟು ಶಾಂತವಾಗಿತ್ತೆಂದರೆ ಅವಳಿಗೇ ಅದರ ಗುರುತು ಹತ್ತಲಿಲ್ಲ. "ಮಷೀನು ಆಮ್ಯಾಲ ನೋಡೂಣು. ಇವರ ಎದಿ ನೋಯಾಕತ್ತೈತಿ. ಒಂದ ಗಾಡಿ ಬೇಕಾಗಿತ್ರಿ."

ಜುಲ್ಫಿಕಾರ ಅಂಗಡಿಯ ಬಾಗಿಲನ್ನೂ ಹಾಕದೆ ತನ್ನ ಕಾರು ತಂದು ಮುಂದೆ ನಿಲ್ಲಿಸಿದ. ಕೆಂಪು ದಾರ ಕುಬೇರಪ್ಪನ ಅಂಗಿಯಲ್ಲೇ ಉಳಿದು, ಕಿತ್ತುಕೊಂಡು ಜೊತೆಗೆ ಬಂತು. ದಾರಿಯುದ್ದಕ್ಕೂ ಟವೆಲ್ಲಿನ ಕೆಳಗೆ ಅವರಿಬ್ಬರ ಕೈಗಳು ಹಾಗೇ ಇದ್ದವು. ಸಿಗ್ನಲ್ಲಿನಲ್ಲಿ ನಿಂತಾಗ ಅವನ ಹಿಡಿತ ಸಡಿಲಾಯಿತು. ಕೈ ಅಲುಗಿಸಿದಳು, ಅವನು ಮತ್ತೆ ಹಿಡಿದ.

"ಅಣ್ಣಾರ, ಸ್ವಲ್ಪ ಲಗೂ," ಎಂದಳು ಅಷ್ಟೇ.

ಆಸ್ಪತ್ರೆಯಲ್ಲಿ ಅವನನ್ನು ನೇರ ಒಳಗೆ ತೆಗೆದುಕೊಂಡರು. ರಕ್ತನಾಳ ಕಟ್ಟಿದೆ, ಈಗಲೇ ಬಿಡಿಸಿ ರಿಂಗು ಹಾಕಬೇಕು, ಇನ್ನೂ ತಡಮಾಡಿದ್ದರೆ ಹೇಳಲಾಗುತ್ತಿರಲಿಲ್ಲ ಎಂದು ಡಾಕ್ಟರರು ಅವಸರದಲ್ಲೇ ಹೇಳಿದರು. ಸುದ್ದಿ ತಿಳಿದು ಭಾಗ್ಯಶ್ರೀ, ಕುಮಾರಸ್ವಾಮಿ ಓಡಿ ಬಂದರು. ಮೊದಲು ರಾಜಕ್ಕನನ್ನು ಸಂಭಾಳಿಸಬೇಕು ಎಂದು ದಾರಿಯಲ್ಲಿ ಮಾತಾಡಿಕೊಂಡೇ ಬಂದಿದ್ದರು. ಬಂದು ನೋಡಿದರೆ ಅವಳು ಬೆಂಚಿನ ಮೇಲೆ ನೆಟ್ಟಗೆ ಕೂತಿದ್ದಳು. ಭಾಗ್ಯಶ್ರೀ ಬಿಕ್ಕಿದಾಗ ಅವಳೇ ಬೆನ್ನು ಸವರಿದಳು. "ನಾ ಮಬ್ಬ ರೀ ವೈನಿ, ಕುಂತಾರಂತ ನಿಮ್ಮ ಮುಂದ ನಗಚಾಟಗಿ ಮಾಡಿದ್ನಿ," ಎಂದು ಕುಮಾರಸ್ವಾಮಿ ಕಣ್ಣು ಒರೆಸಿಕೊಂಡಾಗ ನೀರು ಕೊಟ್ಟಳು. ಒಳಗೆ ಮಾತ್ರ ಅವಳ ಎದೆ ಬಡಿದುಕೊಳ್ಳುತ್ತಲೇ ಇತ್ತು. ಸೀಟಿ ಹೊಡೆಯದ ಕುಕ್ಕರು ಈಗ ಅವಳೇ ಆಗಿದ್ದಳು.

ಮರುದಿನ ಒಳಗೆ ಬಿಟ್ಟರು. ಕುಬೇರಪ್ಪ ಕಣ್ಣು ತೆರೆದು ಮಲಗಿದ್ದ, ಮೈತುಂಬ ವಾಯರು. ಎಲ್ಲ ಸುರಳೀತ ಆಗಿದೆ ಎಂದು ಡಾಕ್ಟರರು ಹೇಳಿದ್ದರು. ರಾಜೇಶ್ವರಿ ನಂಬಿರಲಿಲ್ಲ. ಡಾಕ್ಟರರು ಎಲ್ಲರಿಗೂ ಹಾಗೇ ಹೇಳುತ್ತಾರೆ. ಅವನು ಛಾವಣಿ ನೋಡುತ್ತ ಸುಮ್ಮನೆ ಇದ್ದ. ನೀರು ಬೇಕೇ ಎಂದರೆ ತಲೆ ಅಲ್ಲಾಡಿಸಿದ. ಗುರುತು ಹತ್ತಿತೇ ಎಂದು ಕೇಳಬೇಕೆನಿಸಿತು, ಧೈರ್ಯವಾಗಲಿಲ್ಲ. ಈ ಮನುಷ್ಯ ಮತ್ತೆ ಮೊದಲಿನ ಹಾಗೆ ಆಗುತ್ತಾನೆಯೇ? ಹೊದಿಕೆಯ ಕೆಳಗೆ ಕೈ ತೂರಿಸಿ ಅವನ ಬೆರಳು ಹುಡುಕಿದಳು. ಬೆಚ್ಚಗಿದ್ದವು.

"ಏ," ಎಂದ ಕುಬೇರಪ್ಪ. ಧ್ವನಿ ಒಣಗಿತ್ತು.

"ಏನ್ರಿ? ನೋಯಾಕತ್ತೈತೇನು? ಕರೀಲೇನು ಯಾರನ್ನರ?"

ಅವನು ಬಾಗಿಲ ಕಡೆ ಅರ್ಧ ಮುಖ ತಿರುಗಿಸಿದ. ತುಟಿ ನೆಕ್ಕಿಕೊಂಡ.

"ಆ ಮೂರನೇ ಮಷೀನು," ಎಂದ. "ದರಾ ಏನಂದಾ ಅಂವಾ?"

ಅಂಗಡಿಯಲ್ಲಿ, ಕಾರಿನಲ್ಲಿ, ಬೆಂಚಿನ ಮೇಲೆ ಒಂದು ಹನಿ ಹಾಕದೆ ಇದ್ದ ರಾಜೇಶ್ವರಿ ಆಗ ಹೋ ಎಂದು ಅತ್ತಳು. ಎಷ್ಟು ಜೋರಾಗಿ ಅತ್ತಳೆಂದರೆ ನರ್ಸು ಕೈಯಲ್ಲಿದ್ದುದನ್ನು ಬಿಟ್ಟು ಓಡಿ ಬಂದಳು.

"ಏನಾತ್ರಿ ಅಕ್ಕಾರ? ಏನಾತು ಅವರಿಗೆ?"

"ಏನಿಲ್ಲ್ರಿ," ಎಂದಳು ರಾಜೇಶ್ವರಿ, ಟವೆಲ್ಲಿನಲ್ಲಿ ಮುಖ ಒರೆಸಿಕೊಳ್ಳುತ್ತ. "ದರಾ ಕೇಳಿದ್ರು."