ಇಂಗಳೇಶ್ವರದ ಏರು, ಮೂರು ಗೇರಿನ ಸೈಕಲ್ಲು

ಎಪ್ಪತ್ತರ ದಶಕದ ಮಾತು. ಬಸವನ ಬಾಗೇವಾಡಿಗೆ ಸೊಸೆಯಾಗಿ ಬಂದ ಮರುವರ್ಷವೇ ನನಗೆ ಇಂಗಳೇಶ್ವರದ ಶಾಲೆಯಲ್ಲಿ ತಾತ್ಕಾಲಿಕ ಶಿಕ್ಷಕಿಯ ಕೆಲಸ ಸಿಕ್ಕಿತು. ಸಿಕ್ಕಿದ್ದೇನೋ ಸರಿ, ಆದರೆ ಮುಂಜಾನೆಯ ಬಸ್ಸು ಅಲ್ಲಿಗೆ ಮುಟ್ಟುವಷ್ಟರಲ್ಲಿ ಮಕ್ಕಳು ಪ್ರಾರ್ಥನೆ ಮುಗಿಸಿ ಮಗ್ಗಿ ಒದರುತ್ತಿದ್ದರು. ಹೆಡ್ ಮಾಸ್ತರರು ಸಂಭಾವಿತರು. "ಅಕ್ಕೋರ, ಹಿಂಗ ದಿನಾ ತಡಾ ಆದ್ರ ಮುಂದಿನ ವರ್ಷ ನಿಮ್ಮನ್ನ ಇಟ್ಕೋರಿ ಅಂತ ನಾ ಹೆಂಗ ಹೇಳ್ಲಿ?" ಎಂದು ನೆಲ ನೋಡುತ್ತ ಕೇಳಿದರು. ಕೆಲಸ ಹೋಗಿ ಮನೆಯಲ್ಲಿ ಕೂರುವುದನ್ನು ನೆನೆದರೇ ನನಗೆ ಮೈ ಉರಿಯುತ್ತಿತ್ತು.

ನನ್ನ ಯಜಮಾನರು ಸೊಲ್ಲಾಪುರದಿಂದ ಒಂದು ಹಳೆಯ ಸೈಕಲ್ ತಂದರು. ತನ್ನ ದೇಶಕ್ಕೆ ಮರಳುತ್ತಿದ್ದ ನರ್ಸಮ್ಮನೊಬ್ಬಳು ಮಾರಿದ ಹೆಂಗಸರ ಸೈಕಲ್ಲು. ಅದಕ್ಕೆ ಮೂರು ಗೇರು! ಹ್ಯಾಂಡಲ್ಲಿನ ಸಣ್ಣ ಕಡ್ಡಿ ಸರಿಸಿದರೆ ಹಿಂದಿನ ಗಾಲಿಯ ನಡುವಿನ ಡಬ್ಬಿಯಲ್ಲಿ ಟಿಕ್ ಎಂದು ಸದ್ದಾಗಿ ಪೆಡಲ್ಲು ಹಗುರಾಗುತ್ತಿತ್ತು. ಇಂಗಳೇಶ್ವರದ ದಾರಿಯ ಕಡಿದಾದ ಏರಿಗೆ ಒಂದನೇ ಗೇರು. ಮೊದಲ ವಾರ ನಾನು ಹತ್ತಿದ್ದೇ ಹತ್ತಿದ್ದು. ಪ್ರಾರ್ಥನೆಗೆ ಮಕ್ಕಳಿಗಿಂತ ಮುಂಚೆ ನಿಂತಿರುತ್ತಿದ್ದೆ.

ಅತ್ತೆಗೆ ಮಾತ್ರ ಸೈಕಲ್ಲು ಕಣ್ಣಿನ ಕಸವಾಯಿತು. ಮಗನಿಗೆ ಎದುರಾಡಲಿಲ್ಲ, ನನ್ನೊಡನೆ ಮಾತು ಬಿಟ್ಟರು. ಹೇಳಬೇಕಾದದ್ದನ್ನೆಲ್ಲ ಕೊಟ್ಟಿಗೆಯ ಎತ್ತಿಗೆ ಹೇಳುತ್ತಿದ್ದರು. "ಏನೋ ಬಸವಾ, ನೀರು ತರಾಕ ಈ ಮನ್ಯಾಗ ಯಾರೂ ಇಲ್ಲೇನು?" ಎತ್ತು ಸುಮ್ಮನಿರುತ್ತಿತ್ತು, ನಾನು ಕೊಡ ಎತ್ತಿಕೊಂಡು ಹೋಗುತ್ತಿದ್ದೆ.

ತಿಂಗಳು ಕಳೆಯುವುದರೊಳಗೆ ಗೇರು ಕೈಕೊಟ್ಟಿತು. ಸರಿಯಾಗಿ ಏರಿನ ನಡುವೆ ಪೆಡಲ್ಲು ಹಿಡಿತವಿಲ್ಲದೆ ಗಿರ್ರನೆ ತಿರುಗಿ ನನ್ನ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತಿತ್ತು. ಇಳಿದು, ಸೀರೆ ಎತ್ತಿ ಕಟ್ಟಿ, ತಳ್ಳಿಕೊಂಡು ಹೋದೆ. ಹೊಲಕ್ಕೆ ಹೊರಟವರು ನಕ್ಕರು. ಮತ್ತೆ ತಡ, ಮತ್ತೆ ಮಾಸ್ತರರು ನೆಲ ನೋಡಿದರು. ಬಾಗೇವಾಡಿಯ ಸೈಕಲ್ ಅಂಗಡಿಯವನು ಗೇರಿನ ಡಬ್ಬಿಯನ್ನು ಮುಟ್ಟಲೂ ಇಲ್ಲ. "ಬಿಚ್ಚತೇನ್ರಿ, ಆದ್ರ ಮತ್ತ ಕೂಡಸಾಕ ನನಗ ಬರೂದಿಲ್ಲ" ಎಂದ. ಅವನ ಪ್ರಾಮಾಣಿಕತೆಗೆ ಕೈಮುಗಿದು ಬಂದೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ. ಚೆನ್ನಾಗಿದ್ದ ಸೈಕಲ್ಲು ನಮ್ಮ ಪಡಸಾಲೆಯಲ್ಲಿ ನಿಂತಲ್ಲೇ ಕೆಡುವುದೆಂದರೇನು? ಅತ್ತೆಯ ಮೇಲೆ ನನ್ನ ಅನುಮಾನದ ಕಣ್ಣು ಬಿತ್ತು.

ಒಂದು ರವಿವಾರ ಮುಂಜಾನೆ ಸಿಕ್ಕಿಬಿದ್ದರು. ಅವು ಗಳೆ ಹೂಡಿ ಹೊಲ ಉಳುವ ದಿನಗಳು. ದುಡಿಯುವ ಎತ್ತುಗಳಿಗೆ ಬಲ ಬರಲೆಂದು ಗೊಟ್ಟದಲ್ಲಿ, ಅಂದರೆ ಬಿದಿರಿನ ಕೊಳವೆಯಲ್ಲಿ, ಕುಸುಬಿ ಎಣ್ಣೆ ತುಂಬಿ ಬಾಯಿಗೆ ಹೊಯ್ಯುವುದು ನಮ್ಮ ಕಡೆಯ ರೂಢಿ. ಅತ್ತೆ ಎರಡೂ ಎತ್ತಿಗೆ ಕುಡಿಸಿ ಗೊಟ್ಟ ಹಿಡಿದು ಪಡಸಾಲೆಗೆ ಬಂದರು. ಸೈಕಲ್ಲಿನ ಹಿಂದಿನ ಗಾಲಿಯ ಹತ್ತಿರ ಕೂತು, ಡಬ್ಬಿಯ ಸಣ್ಣ ಮುಚ್ಚಳ ತೆಗೆದು, ಉಳಿದ ಎಣ್ಣೆಯನ್ನು ಹತ್ತಿಯ ಬತ್ತಿಯಿಂದ ಹನಿಹನಿಯಾಗಿ ಇಳಿಸತೊಡಗಿದರು. ಕುಸುಬಿ ಎಣ್ಣೆ ಒಣಗಿದರೆ ಅಂಟು. ನಮ್ಮ ಮನೆಯ ಎಣ್ಣೆಗಡಿಗೆಯ ಹೊರಮೈ ಮುಟ್ಟಿದವರಿಗೆಲ್ಲ ಅದು ಗೊತ್ತು. ಗೇರು ಒಳಗೇ ಅಂಟಿಕೊಂಡು ಹಲ್ಲು ಕಚ್ಚುತ್ತಿರಲಿಲ್ಲ.

"ಏನ್ ಮಾಡಾಕತ್ತೀರಿ ಅತ್ತಿ?" ಎಂದು ಜೋರಾಗಿಯೇ ಕೇಳಿದೆ.

ಅವರು ತಿರುಗಲಿಲ್ಲ. ಈ ಸಲ ಎತ್ತಿಗೂ ಹೇಳಲಿಲ್ಲ, ನನಗೇ ಹೇಳಿದರು. "ಏರು ಹತ್ತೂದಕ್ಕ ಎಣ್ಣಿ ಬೇಕವ್ವಾ. ಮೊದಲ ದಿನ ನನ್ನ ಮಗ ಇದ ತೂತಿನಾಗ ಹಾಕಿದ್ದು ನೋಡೇನಿ. ಆಮ್ಯಾಲ ಅವನಿಗಿ ನೆನಪ ಇಲ್ಲ, ಅವತ್ತಿಂದ ವಾರಾ ನಾನ ಹಾಕ್ಕೋತ ಬಂದೇನಿ. ನೀ ಇಳದು ತಳ್ಕೋತ ಹೋಗೂದು ನೋಡಿ ಮಂದಿ ನಕ್ಕರಂತ. ಸೈಕಲ್ ಹತ್ತಬಾರದಿತ್ತು, ಹತ್ತೀದಿ. ಇನ್ನ ಅವರ ಮುಂದ ಇಳೀಬಾರದು."

ಬಾಯಲ್ಲಿ ಸಿದ್ಧವಾಗಿದ್ದ ಬೈಗುಳವನ್ನೆಲ್ಲ ನುಂಗಿಕೊಂಡೆ. ನನಗೆ ಅಳು ಬಂತು, ನಗುವೂ ಬಂತು. ಅವರು ಹೊಲಕ್ಕೆ ಹೋದ ಮೇಲೆ ನಾನೂ ಯಜಮಾನರೂ ಆ ತೂತಿನೊಳಗೆ ಚಿಮಣಿ ಎಣ್ಣೆ, ಅಂದರೆ ಸೀಮೆಎಣ್ಣೆ, ಹೊಯ್ದು, ಗಾಲಿ ತಿರುಗಿಸಿ ತಿರುಗಿಸಿ ಡಬ್ಬಿ ತೊಳೆದೆವು. ಹಳದಿ ಅಂಟು ಜಿನುಗಿ ಜಿನುಗಿ ಬಂತು. ಸಂಜೆ ಪೇಟೆಯಿಂದ ಮಷಿನ್ ಎಣ್ಣೆಯ ಶೀಸೆ ತಂದು ಅತ್ತೆಯ ಕೈಗೇ ಕೊಟ್ಟೆ.

"ಅತ್ತಿ, ಇದಕ್ಕ ಈ ಎಣ್ಣಿ ಜಾಸ್ತಿ ಹಿಡಸ್ತೈತಂತ್ರಿ. ವಾರಕ್ಕೊಮ್ಮೆ ನಾಕು ಹನಿ ಹಾಕ್ರಿ."

ಅತ್ತೆ ಮೂಸಿ ನೋಡಿ ಮುಖ ಕಿವುಚಿದರು. "ಇಂಥಾದ್ದು ಕುಡದು ಏರು ಹತ್ತತೈತಿ?" ಎಂದು ಅಲ್ಲೇ ಕೂತು ನಾಲ್ಕು ಹನಿ ಹಾಕಿದರು.

ಮರುದಿನ ಏರಿನ ಬುಡದಲ್ಲಿ ಒಂದನೇ ಗೇರು ಹಾಕಿದೆ. ಟಿಕ್. ಪೆಡಲ್ಲು ಜಾರಲಿಲ್ಲ. ಹೊಲಕ್ಕೆ ಹೊರಟವರು ದಾರಿ ಬಿಟ್ಟು ನಿಂತರು. ನಾನು ಶಾಲೆ ಮುಟ್ಟಿದಾಗ ಮಾಸ್ತರರು ಇನ್ನೂ ಗಂಟೆಯ ಕೋಲು ಹುಡುಕುತ್ತಿದ್ದರು.

ಸಂಜೆ ಮನೆಯ ಹತ್ತಿರ ಬಂದಾಗ ಅತ್ತೆ ಗೋಡೆಯಾಚೆಯ ಹೆಂಗಸಿನೊಡನೆ ಮಾತಿಗೆ ನಿಂತಿದ್ದರು. ಸುದ್ದಿ ನನಗಿಂತ ಮುಂಚೆ ಊರು ಸೇರಿತ್ತು. ನನ್ನ ಕಡೆ ನೋಡದೆ, ನನಗೆ ಕೇಳುವಷ್ಟು ಜೋರಾಗಿ ಹೇಳಿದರು.

"ನಮ್ಮಾಕಿ ಏರಿನಾಗ ಇಳಿಯೂದಿಲ್ಲವ್ವಾ."