ಸುರುಳಿಯಣ್ಣ ಮುಚ್ಚಿಟ್ಟ ಅಳತೆ

ಅವನ ನಿಜ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಪ್ರಯೋಗಾಲಯದಲ್ಲಿ ಎಲ್ಲರಿಗೂ ಅವನು ಸುರುಳಿಯಣ್ಣ. ಅಕ್ಕಿಕಾಳಿನಷ್ಟು ಹರಳಿನ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಸುತ್ತಿ, ತುದಿಗೆ ಬೆಸುಗೆ ಹಾಕಿ, ಅದನ್ನು ದ್ರವ ಹೀಲಿಯಮ್ಮಿನ ಚಳಿಗೆ ಇಳಿಸಿ ಅಳತೆ ತೆಗೆಯುವುದು ಅವನ ಕೆಲಸ. ತನ್ನ ಬೆಸುಗೆ ಬಿಟ್ಟ ದಿನ ತಾನೂ ಕೆಲಸ ಬಿಡುತ್ತೇನೆಂದು ಹೊಸಬರ ಮುಂದೆ ಮೀಸೆ ತಿರುವುತ್ತಿದ್ದ.

ಪ್ರಯೋಗಾಲಯದ ಮುಖ್ಯಸ್ಥೆ ಮೇಡಂ ಹುಡುಕುತ್ತಿದ್ದದ್ದು ಅಪರೂಪದ ಸೂಪರ್‌ಕಂಡಕ್ಟರನ್ನು, ಅಂದರೆ ಕಡುಚಳಿಯಲ್ಲಿ ತಡೆಯಿಲ್ಲದೆ ವಿದ್ಯುತ್ ಹರಿಸುವ ವಸ್ತುವನ್ನು. ಸಾಮಾನ್ಯವಾದದ್ದರಲ್ಲಿ ಎಲೆಕ್ಟ್ರಾನುಗಳು ಎದುರುಬದುರು ಸ್ಪಿನ್ನಿನ, ಅಂದರೆ ಎದುರು ದಿಕ್ಕಿಗೆ ತಿರುಗಿದ ಪುಟ್ಟ ಕಾಂತಗಳಂಥ, ಜೋಡಿಗಳಾಗುತ್ತವೆ; ಒಂದರ ಕಾಂತತೆಯನ್ನು ಇನ್ನೊಂದು ಅಳಿಸುತ್ತದೆ. ಆಗ ರೇಡಿಯೋ ಅಲೆಯ ಹೊಡೆತಕ್ಕೆ, ಅಂದರೆ ಪಲ್ಸಿಗೆ, ಹರಳಿನ ನ್ಯೂಕ್ಲಿಯಸ್ಸುಗಳು ಕೊಡುವ ಮರುದನಿಯ ಶ್ರುತಿ ಹರಳು ಮಾಮೂಲಿ ಲೋಹವಾಗಿದ್ದಾಗಿನ ಜಾಗದಿಂದ ಸರಿಯುತ್ತದೆ. ಸ್ಪಿನ್ನುಗಳು ಒಂದೇ ದಿಕ್ಕಿನಲ್ಲಿ ಜೋಡಿಯಾಗಿದ್ದರೆ ಶ್ರುತಿ ಕದಲದೆ ಉಳಿಯಬಹುದು. ಮೇಡಂಗೆ ಬೇಕಿದ್ದದ್ದು ಅದು.

ಸುರುಳಿಯಣ್ಣ ಮೊದಲು ಸಣ್ಣ ಪಲ್ಸ್ ಹಾಕಿ ನೋಡಿದ. ಮರುದನಿ ಗೊರಗೊರ ಸದ್ದಿನಲ್ಲಿ ಮುಳುಗಿತ್ತು. ಆದರೂ ಶ್ರುತಿ ತುಸು ಸರಿದಂತಿತ್ತು. ಬೆಸುಗೆ ಬಿಟ್ಟಿರಬೇಕೆಂದು ಅವನ ಮುಖ ಬಿಸಿಯಾಯಿತು. ಆ ಅಳತೆಯ ಹಾಳೆ ಹರಿದು ಜೇಬಿಗೆ ತುರುಕಿ, ಬೆಸುಗೆ ಮತ್ತೆ ಹಾಕಿ, ಪಲ್ಸ್ ಜೋರು ಮಾಡಿದ. ಈ ಸಲ ಮರುದನಿ ಸ್ಪಷ್ಟವಾಗಿ ಬಂತು, ಶ್ರುತಿ ಒಂದಿಷ್ಟೂ ಕದಲಿರಲಿಲ್ಲ. ಮೇಡಂ ಹಿಗ್ಗಿದರು. ಪ್ರಬಂಧ ಅಚ್ಚಾಯಿತು.

ಹನ್ನೊಂದು ವರ್ಷದ ಮೇಲೆ ಬೇರೆ ದೇಶದ ಗುಂಪೊಂದು ಅದೇ ಬಗೆಯ ಹರಳಿಗೆ ಸಣ್ಣ ಪಲ್ಸ್ ಹಾಕಿ, ಶ್ರುತಿ ಸರಿಯುತ್ತದೆಂದು ಬರೆಯಿತು. ಜೋರು ಪಲ್ಸಿಗೆ ಹರಳೇ ಬಿಸಿಯಾಗಿ, ಆ ಗಳಿಗೆಗೆ ಅದು ಬರೀ ಮಾಮೂಲಿ ಲೋಹವಾಗಿರುತ್ತದಂತೆ, ಅದಕ್ಕೇ ಶ್ರುತಿ ಕದಲುವುದಿಲ್ಲವಂತೆ. ಊಟದ ಕೋಣೆಯಲ್ಲಿ ಯಾರೋ ಇದನ್ನು ಓದಿ ಹೇಳಿದಾಗ ಸುರುಳಿಯಣ್ಣ ಅರ್ಧ ಊಟಕ್ಕೇ ಎದ್ದು ಕೈ ತೊಳೆದ.

ನಾಲ್ಕು ದಿನ ಮೇಡಂ ಎದುರಾದರೆ ಬೇರೆ ಮೆಟ್ಟಿಲು ಹಿಡಿದ. ಹರಳೆಣ್ಣೆ ಕುಡಿದವರ ಹಾಗೆ ಮುಖ ಯಾಕೆಂದು ಹೆಂಡತಿ ಕೇಳಿದರೆ ಹೊಟ್ಟೆ ಸರಿಯಿಲ್ಲವೆಂದ. ಐದನೆಯ ದಿನ ಮೇಡಂ ಕೋಣೆಯ ಬಾಗಿಲಲ್ಲಿ ನಿಂತ.

"ಆಗ ನಾನೂ ಸಣ್ಣ ಪಲ್ಸ್ ಹಾಕಿ ನೋಡಿದ್ದೆ ಮೇಡಂ. ಶ್ರುತಿ ಸರಿದಿತ್ತು. ನಿಮಗೆ ಹೇಳ್ಲಿಲ್ಲ."

"ಯಾಕೆ?"

"ಬೆಸುಗೆ ಬಿಟ್ಟಿದೆ ಅಂದ್ಕೊಂಡೆ. ಮರ್ಯಾದೆ ಹೋಗುತ್ತೆ ಅಂತ..."

ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಪಲ್ಸ್ ಎಷ್ಟಿಟ್ಟಿದ್ದೀರಿ ಅಂತ ನಾನು ಕೇಳ್ಬೇಕಿತ್ತು. ನನಗೆ ಬೇಕಾದ ಉತ್ತರ ಬಂದಿತ್ತಲ್ಲ, ಕೇಳ್ಲಿಲ್ಲ," ಎಂದರು.

ಅವರು ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅವನಿಗೆ ನೆಲ ಬಿಟ್ಟು ಬೇರೇನನ್ನೂ ನೋಡಲಾಗಲಿಲ್ಲ.

ಅವನೇ ಹೊಸ ಸುರುಳಿ ಸುತ್ತಿದ. ಮೂರು ವಾರ ಸಣ್ಣ ಪಲ್ಸುಗಳನ್ನೇ ಹಾಕಿ, ಮಂದ ಮರುದನಿಗಳನ್ನು ಒಂದರ ಮೇಲೊಂದು ಕೂಡಿಸಿ ಸ್ಪಷ್ಟ ಮಾಡಿಕೊಂಡರು. ಶ್ರುತಿ ಸರಿಯಿತು. ಹಳೆಯ ಪ್ರಬಂಧ ತಪ್ಪೆಂದು ಮೇಡಂ ಪತ್ರಿಕೆಗೆ ಬರೆದರು. ಈ ಹರಳಿಗೆ ಸಣ್ಣ ಪಲ್ಸಿನ ಅಳತೆಯನ್ನು ಮೊದಲು ತೆಗೆದವರು ತಮ್ಮ ತಂತ್ರಜ್ಞರೆಂದು ಕೊನೆಯಲ್ಲೊಂದು ಸಾಲು ಸೇರಿಸಿದರು. ದಯವಿಟ್ಟು ತೆಗೆಯಿರೆಂದು ಅವನು ಎರಡು ಸಲ ಬೇಡಿಕೊಂಡ. ನಡೆದದ್ದು ಅದೇ ತಾನೆ ಎಂದು ಅವರು ಸಾಲನ್ನು ಹಾಗೇ ಬಿಟ್ಟರು.

ಅಚ್ಚಾದ ಆ ಬರಹದ ಪ್ರತಿಯೊಂದು ಅವನ ಮನೆಗೆ ಬಂತು. ಏನದು ಎಂದಳು ಹೆಂಡತಿ. ಆಫೀಸಿನ ಕಾಗದವೆಂದು ಹೇಳಿ, ಅದನ್ನು ಬೀರುವಿನ ಬಟ್ಟೆಗಳ ಅಡಿಗೆ ಸರಿಸಿದ.